ಸಿನಿಮಾದಲ್ಲಿ ಎಲ್ಲರೂ ಮೊದಲು ‘ಆಗಲ್ಲ’ ಅನ್ನುವುದೇಕೆ? ‘ಲಾರ್ಡ್ ಆಫ್ ದ ರಿಂಗ್ಸ್’ ಓದಿದವರು, ನೋಡಿದವರು ಬನ್ನಿ

ಉದ್ದಓದು

ಟೋಲ್ಕಿನ್ ಬರೆದ ಪುಸ್ತಕವನ್ನು ಪಕ್ಕದಲ್ಲೇ ಇಟ್ಟುಕೊಂಡು ಪೀಟರ್ ಜಾಕ್ಸನ್ ನಿರ್ದೇಶಿಸಿದ ಮೂರೂ ಸಿನಿಮಾಗಳನ್ನು ಮತ್ತೆ ನೋಡಿದೆ. ಲೋಕವನ್ನೇ ಆಳಬಲ್ಲ ಮಾಯದ ಉಂಗುರವನ್ನು ನಾಶ ಮಾಡಲು ಫ್ರೋಡೋ ಅನ್ನುವ ಹಾಬಿಟ್ (ಕುಳ್ಳ ಜನಾಂಗದವನು) ಹೊರಡುವ ಕಥೆ ಅದು. ಏನೇನು ಬಿಟ್ಟಿದ್ದಾರೆ ಅನ್ನುವ ಪಟ್ಟಿ ಇಲ್ಲಿ ಎಲ್ಲರಿಗೂ ಬಾಯಿಪಾಠ. ಟಾಮ್ ಬಾಂಬಡಿಲ್ ಇಲ್ಲ, ಗ್ಲಾರ್ಫಿಂಡೆಲ್ ಇಲ್ಲ, ಹಾಬಿಟ್‌ಗಳು ಊರಿಗೆ ವಾಪಸ್ ಬಂದ ಮೇಲಿನ ಗಲಾಟೆ ಇಲ್ಲ. ಅದರ ಬಗ್ಗೆ ನನಗೆ ದೊಡ್ಡ ದೂರೇನಿಲ್ಲ. ಸಾವಿರ ಪುಟದ ಕಥೆ ಒಂಬತ್ತು ಚಿಲ್ಲರೆ ಗಂಟೆಯೊಳಗೆ ಕೂರಬೇಕು ಅಂದರೆ ಏನಾದರೂ ಹೊರಗೆ ಹೋಗಲೇಬೇಕು.

ತಲೆಯಲ್ಲಿ ಕೊರೆಯುತ್ತಿರುವುದು ಬೇರೆ ವಿಷಯ. ಸಿನಿಮಾದಲ್ಲಿ ಪ್ರತಿಯೊಬ್ಬ ದೊಡ್ಡ ಮನುಷ್ಯನೂ ಮೊದಲು ‘ಆಗಲ್ಲ’ ಅನ್ನುತ್ತಾನೆ, ಆಮೇಲೆ ಒಪ್ಪುತ್ತಾನೆ. ಗಮನಿಸಿ ನೋಡಿ.

ಹಳೆಯ ರಾಜವಂಶದ ಕುಡಿ ಅರಗಾರ್ನ್‌ಗೆ ರಾಜನಾಗುವುದೇ ಬೇಡ. ಪುಸ್ತಕದ ಅರಗಾರ್ನ್ ಮುರಿದ ಕತ್ತಿಯನ್ನು ಸೊಂಟಕ್ಕೆ ಕಟ್ಟಿಕೊಂಡೇ ತಿರುಗುತ್ತಾನೆ. ಎಲ್ಫ್ ಅನ್ನುವ ಸಾವಿಲ್ಲದ ಜನರ ಊರು ರಿವೆಂಡೆಲ್ ಬಿಟ್ಟು ಹೊರಡುವ ಮುಂಚೆಯೇ ಅದನ್ನು ಬೆಸೆಸಿಕೊಳ್ಳುತ್ತಾನೆ. ತಾನು ಯಾರ ವಂಶದವನು ಅಂತ ಎದುರಿಗೆ ಬಂದವರಿಗೆ ಎದೆ ತಟ್ಟಿ ಹೇಳುತ್ತಾನೆ. ಸಿನಿಮಾದಲ್ಲಿ ಆ ಕತ್ತಿ ಕೈಗೆ ಬರುವುದು ಮೂರನೇ ಭಾಗದಲ್ಲಿ, ಅದೂ ರಿವೆಂಡೆಲ್ ಒಡೆಯ ಎಲ್ರಾಂಡ್ ಹುಡುಕಿಕೊಂಡು ಬಂದು ಕೊಟ್ಟಾಗ.

ಕುದುರೆ ಸವಾರರ ನಾಡು ರೋಹನ್‌ನ ರಾಜ ಥಿಯೋಡೆನ್ ಪುಸ್ತಕದಲ್ಲಿ ಮಂಪರು ಹರಿದ ಕೂಡಲೇ ಕುದುರೆ ಏರುತ್ತಾನೆ. ಸಿನಿಮಾದಲ್ಲಿ ಯುದ್ಧ ಬೇಡ ಅಂತ ಕೋಟೆಗೆ ಹೋಗಿ ಕೂರುತ್ತಾನೆ. ಮರದಂತೆ ಕಾಣುವ, ನಡೆದಾಡುವ ಜೀವಿಗಳಾದ ಟ್ರೀಬಿಯರ್ಡ್ ಮತ್ತು ಉಳಿದ ಎಂಟ್‌ಗಳು ಪುಸ್ತಕದಲ್ಲಿ ಮೂರು ದಿನ ಸಭೆ ಮಾಡಿ ತಾವೇ ನಿರ್ಧರಿಸಿ ದಂಡೆತ್ತಿ ಹೊರಡುತ್ತವೆ. ಸಿನಿಮಾದಲ್ಲಿ ‘ಇದು ನಮ್ಮ ಜಗಳ ಅಲ್ಲ’ ಅಂತ ಸಭೆ ಮುಗಿಯುತ್ತದೆ. ಹಾಬಿಟ್ ಪಿಪ್ಪಿನ್ ಉಪಾಯ ಮಾಡಿ ಕಡಿದ ಮರಗಳನ್ನು ತೋರಿಸಬೇಕಾಗುತ್ತದೆ. ಇನ್ನು ರಾಜನಿಲ್ಲದ ಗೊಂಡೋರ್ ರಾಜ್ಯವನ್ನು ಆಳುತ್ತಿರುವ ಡೆನೆಥಾರ್. ಪುಸ್ತಕದಲ್ಲಿ ಮಂತ್ರವಾದಿ ಗ್ಯಾಂಡಾಲ್ಫ್ ಮತ್ತು ಪಿಪ್ಪಿನ್ ದಾರಿಯಲ್ಲಿರುವಾಗಲೇ ಬೆಟ್ಟಗಳ ಮೇಲೆ ನೆರವು ಕೋರುವ ಬೆಂಕಿ ಉರಿಯುತ್ತಿರುತ್ತದೆ, ಅವನೇ ಹಚ್ಚಿಸಿದ್ದು. ಸಿನಿಮಾದಲ್ಲಿ ಅವನು ಹಚ್ಚಲು ಬಿಡುವುದಿಲ್ಲ, ಪಿಪ್ಪಿನ್ ಕದ್ದು ಹತ್ತಬೇಕು.

ಕೊನೆಗೆ ಡೆನೆಥಾರ್‌ನ ಕಿರಿಮಗ ಫರಮೀರ್. ಅವನ ವಿಷಯ ತೆಗೆದರೆ ನಾನು ನಿಲ್ಲಿಸುವುದಿಲ್ಲ, ಅದಕ್ಕೇ ಈಗ ಬೇಡ.

ಒಬ್ಬರಿಗೆ ಹೀಗೆ ಮಾಡಿದ್ದರೆ ಸರಿ. ಎಲ್ಲರಿಗೂ ಅದೇ ಅಚ್ಚು ಯಾಕೆ?

ತೆರೆಮರೆ

ಒಳ್ಳೆ ಪ್ರಶ್ನೆ. ಆದರೆ ಇದಕ್ಕೆ ಕಾರಣವಿದೆ, ಅದು ಸೋಮಾರಿತನವಲ್ಲ.

ಪುಸ್ತಕದಲ್ಲಿ ನಿಮಗೆ ಪಾತ್ರ ಬದಲಾಗದಿದ್ದರೂ ನಡೆಯುತ್ತದೆ. ಯಾಕೆಂದರೆ ಅಲ್ಲಿ ಬದಲಾಗುವುದು ನಿಮ್ಮ ತಿಳಿವಳಿಕೆ. ಸ್ಟ್ರೈಡರ್ ಅನ್ನುವ ಕೊಳಕು ಬಟ್ಟೆಯ ಮನುಷ್ಯ ಪುಟ ತಿರುಗಿದಂತೆ ಅರಗಾರ್ನ್ ಆಗಿ ಕಾಣುತ್ತಾನೆ. ಅವನು ಮೊದಲಿಂದಲೂ ಅವನೇ. ನಿಮಗೆ ಗೊತ್ತಾಗುವುದು ನಿಧಾನ, ಅಷ್ಟೇ. ತೆರೆ ಮೇಲೆ ಹಾಗಲ್ಲ. ನಟ ಒಳಗೆ ಬಂದ ಕ್ಷಣಕ್ಕೇ ಅವನ ಮುಖ, ನಡಿಗೆ, ಕಣ್ಣು ಎಲ್ಲಾ ನಿಮ್ಮ ಮುಂದಿದೆ. ಇವನು ರಾಜ, ಇವನಿಗೆ ಅದು ಗೊತ್ತು, ಅವನು ಅದನ್ನೇ ಮಾಡುತ್ತಾನೆ ಅಂದರೆ ಮುಂದಿನ ಎಂಟು ಗಂಟೆ ಅವನನ್ನು ಯಾಕೆ ನೋಡಬೇಕು? ಅವನೊಳಗೆ ಏನೋ ಎಳೆದಾಟ ಇರಬೇಕು.

ಆಮೇಲೆ, ಪುಸ್ತಕದ ಅರಗಾರ್ನ್‌ಗೂ ಅನುಮಾನ ಬರುತ್ತದೆ. ಗ್ಯಾಂಡಾಲ್ಫ್ ಹೋದ ಮೇಲೆ ತಾನು ಆರಿಸಿದ್ದೆಲ್ಲಾ ತಪ್ಪಾಗುತ್ತಿದೆ ಅಂತ ಅವನೇ ಕೊರಗುತ್ತಾನೆ. ಸಿನಿಮಾದವರು ಎಲ್ಲಿಂದಲೋ ತಂದು ಅಂಟಿಸಿದ್ದಲ್ಲ.

ಉದ್ದಓದು

ಕೊರಗುತ್ತಾನೆ, ನಿಜ. ಆದರೆ ಯಾವ ದಾರಿ ಹಿಡಿಯಬೇಕು ಅಂತ ಕೊರಗುತ್ತಾನೆ. ತಾನು ಯಾರು ಅಂತಲ್ಲ. ಎರಡೂ ಒಂದೇ ಅಲ್ಲ.

ಬಾಲ್ಕನಿ ಸೀಟು

ನಾನು ಪುಸ್ತಕ ಓದಿಲ್ಲ, ಓದುವ ಯೋಚನೆಯೂ ಸದ್ಯಕ್ಕಿಲ್ಲ. ಸಿನಿಮಾ ನೋಡಿ ಅತ್ತಿದ್ದೇನೆ. ಮೂರನೇ ಭಾಗ ‘ರಿಟರ್ನ್ ಆಫ್ ದ ಕಿಂಗ್’ 11 ಆಸ್ಕರ್‌ಗೆ ನಾಮನಿರ್ದೇಶನವಾಗಿ ಹನ್ನೊಂದನ್ನೂ ಗೆದ್ದಿತು. ಅಷ್ಟು ಜನಕ್ಕೆ ಇಷ್ಟವಾಗಿದ್ದು ನಿಮಗೆ ಯಾಕೆ ಕಷ್ಟ ಅಂತ ಗೊತ್ತಾಗ್ತಿಲ್ಲ 😄

ಎಂಟಜ್ಜ

ಬಾಲ್ಕನಿಯವರೇ, ಕಷ್ಟ ಏನಿಲ್ಲ. ಇಷ್ಟಪಟ್ಟಿದ್ದನ್ನೇ ಜನ ಹೆಚ್ಚು ಕೆದಕುವುದು.

ಈ ಜಗಳ ಜಾಕ್ಸನ್ ಕಾಲಕ್ಕೆ ಶುರುವಾಗಿದ್ದಲ್ಲ ಅನ್ನುವುದನ್ನು ನೆನಪಿಸುತ್ತೇನೆ. ಪುಸ್ತಕ ಬಂದಿದ್ದು 1954-55ರಲ್ಲಿ. ಕೆಲವೇ ವರ್ಷಗಳಲ್ಲಿ ಒಬ್ಬರು ಸಿನಿಮಾಗೆಂದು ಕಥೆಯ ರೂಪರೇಖೆ ಬರೆದು ಕಳಿಸಿದರು. ಟೋಲ್ಕಿನ್ ಅದನ್ನು ಓದಿ 1958ರಲ್ಲಿ ಉದ್ದನೆಯ ಉತ್ತರ ಬರೆದರು. ಅವರ ಪತ್ರಗಳ ಸಂಕಲನದಲ್ಲಿ ಇದೆ, ಓದಲು ಬಲು ಮಜಾ. ಸಾಲು ಸಾಲಾಗಿ ತರಾಟೆ. ಬೇಕಿಲ್ಲದ ಕಡೆಯೆಲ್ಲ ಹದ್ದುಗಳನ್ನು ಯಾಕೆ ಕರೆಸುತ್ತೀರಿ, ಇಲ್ಲದ ಹೊಡೆದಾಟ ಯಾಕೆ ಸೇರಿಸುತ್ತೀರಿ, ಹೀಗೆ.

ಅದರಲ್ಲಿ ಒಂದು ಮಾತು ಈ ಚರ್ಚೆಗೆ ನೇರವಾಗಿ ಹೊಂದುತ್ತದೆ. ಎಂಟ್‌ಗಳ ಕಥೆ ಮತ್ತು ರೋಹನ್‌ನ ಹೆಲ್ಮ್ಸ್ ಡೀಪ್ ಕೋಟೆಯ ಯುದ್ಧ, ಎರಡಕ್ಕೂ ಅರ್ಥವಾಗುವಷ್ಟು ಜಾಗ ಇಲ್ಲದಿದ್ದರೆ ಒಂದನ್ನು ಬಿಡಿ, ಬಿಡಬೇಕಾದದ್ದು ಯುದ್ಧವನ್ನು ಅನ್ನುವುದು ಅವರ ಅಭಿಪ್ರಾಯ. ಮುಖ್ಯ ಕಥೆಗೆ ಆ ಯುದ್ಧ ಅಷ್ಟು ಬೇಕಾದದ್ದಲ್ಲ ಅಂತ. ಪುಸ್ತಕದಲ್ಲಿ ಅದು ಒಂದೇ ಅಧ್ಯಾಯ. 2002ರ ಸಿನಿಮಾದಲ್ಲಿ ಕಥೆಯೆಲ್ಲಾ ಅಲ್ಲಿಗೇ ಹೋಗಿ ಸೇರುತ್ತದೆ. ಎಂಟ್‌ಗಳು ನಡುನಡುವೆ ಇಣುಕಿ ಹೋಗುತ್ತವೆ. ನನ್ನ ಹೆಸರು ನೋಡಿದರೆ ನನ್ನ ಸಂಕಟ ನಿಮಗೆ ಗೊತ್ತಾಗುತ್ತದೆ.

ಕುದುರೆ ಲಾಯ

ಹೆಲ್ಮ್ಸ್ ಡೀಪ್ ಬಿಟ್ಟಿದ್ದರೆ ನಾನು ಥಿಯೇಟರಿನಿಂದ ಎದ್ದು ಬರುತ್ತಿದ್ದೆ ಅಜ್ಜಾ. ಮಳೆ, ಕತ್ತಲು, ಗೋಡೆ ಮೇಲೆ ಮುದುಕರು ಮತ್ತು ಹುಡುಗರು ಕತ್ತಿ ಹಿಡಿದು ನಿಂತಿರುವುದು. ಅದು ಸಿನಿಮಾ ಅಂದರೆ.

ಆದರೆ ಎಲ್ಫ್‌ಗಳು ಸಾಲಾಗಿ ನಡೆದು ಬಂದು ಸಹಾಯಕ್ಕೆ ನಿಲ್ಲುವುದು ನನಗೂ ಸರಿಹೋಗಲಿಲ್ಲ. ಪುಸ್ತಕದಲ್ಲಿ ರೋಹನ್‌ನವರು ತಮ್ಮ ಯುದ್ಧ ತಾವೇ ಮಾಡುತ್ತಾರೆ. ಮೊದಲು ಅರಗಾರ್ನ್ ಪ್ರೀತಿಸುವ ಎಲ್ಫ್ ಹುಡುಗಿ ಆರ್ವೆನ್‌ಳನ್ನೂ ಅಲ್ಲಿಗೆ ಕರೆತಂದು ಚಿತ್ರೀಕರಣ ಮಾಡಿದ್ದರು, ಆಮೇಲೆ ತೆಗೆದರು. ದೇವರು ದೊಡ್ಡವನು.

ನನ್ನ ನಿಜವಾದ ದೂರು ಮೂರನೇ ಭಾಗದ್ದು. ರೋಹನ್ ಸವಾರರು ಬೆಳಗಾಗುವ ಹೊತ್ತಿಗೆ ಬಂದು ಇಳಿಜಾರಿನಲ್ಲಿ ನಿಲ್ಲುತ್ತಾರಲ್ಲ, ಅದಕ್ಕಿಂತ ಒಳ್ಳೆಯ ದೃಶ್ಯವನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ಥಿಯೋಡೆನ್ ಸತ್ತ. ಸಾವಿರಾರು ಜನ ಸತ್ತರು. ಅಷ್ಟರಲ್ಲಿ ಅರಗಾರ್ನ್ ಹಸಿರು ಬಣ್ಣದ ದೆವ್ವಗಳ ಸೈನ್ಯ ತಂದು ನಿಮಿಷಗಳಲ್ಲಿ ಎಲ್ಲಾ ಗುಡಿಸಿ ಹಾಕುತ್ತಾನೆ. ಹಾಗಿದ್ದರೆ ಇವರೆಲ್ಲಾ ಸುಮ್ನೆ ಯಾಕೆ ಸತ್ತರು?

ಪುಸ್ತಕದಲ್ಲಿ ಆ ಸತ್ತವರ ಸೈನ್ಯ ಗೊಂಡೋರ್‌ನ ರಾಜಧಾನಿ ಮಿನಾಸ್ ಟಿರಿತ್ ತನಕ ಬರುವುದೇ ಇಲ್ಲ. ದಕ್ಷಿಣದ ಪೆಲಾರ್ಗಿರ್ ಬಂದರಿನಲ್ಲಿ ಶತ್ರುಗಳ ಹಡಗುಗಳನ್ನು ಬಿಡಿಸಿಕೊಟ್ಟು ಅಲ್ಲಿಂದಲೇ ಮಾಯ. ಆ ಹಡಗುಗಳಲ್ಲಿ ಯುದ್ಧಕ್ಕೆ ಬರುವವರು ಜೀವಂತ ಮನುಷ್ಯರು, ಗೊಂಡೋರ್‌ನ ದಕ್ಷಿಣ ಸೀಮೆಯವರು. ಗೆಲ್ಲುವುದು ಸಾಯಬಲ್ಲವರು. ಅದು ದೊಡ್ಡ ವ್ಯತ್ಯಾಸ.

ತೆರೆಮರೆ

ಸತ್ತವರ ಸೈನ್ಯದ ವಿಷಯದಲ್ಲಿ ನಾನು ಸಿನಿಮಾ ಪರ ವಾದ ಮಾಡುವುದಿಲ್ಲ 🙂

ಅರ್ಧಕ್ಕೆ ನಿಂತವ

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ಸಿನಿಮಾ ನೋಡಿ ಪುಸ್ತಕ ಹಿಡಿದೆ. ಹೊರಡುವುದೇ ಇಲ್ಲ ಮಾರಾಯ್ರೇ! ಗ್ಯಾಂಡಾಲ್ಫ್ ಉಂಗುರದ ವಿಷಯ ಹೇಳಿದ. ಫ್ರೋಡೋ ಮನೆ ಮಾರುತ್ತಾನೆ, ಸಾಮಾನು ಸಾಗಿಸುತ್ತಾನೆ, ನಡೆಯುತ್ತಾನೆ, ಹಾಡುತ್ತಾನೆ. ಈಗ ಯಾರೋ ಹಳದಿ ಬೂಟಿನವನು ಕುಣಿಯುತ್ತಾ ಬಂದಿದ್ದಾನೆ. ಅಲ್ಲೇ ನಿಂತಿದ್ದೇನೆ. ಈ ಬಾಂಬಡಿಲ್ ಭಾಗ ಹಾರಿಸಿದರೆ ಏನಾದರೂ ನಷ್ಟವಾ?

ಎಂಟಜ್ಜ

ಹಾರಿಸಬೇಡಿ. ಅವನು ನಿಮಗೆ ಇಷ್ಟವಾಗಬೇಕು ಅಂತಿಲ್ಲ. ಅವನ ಕೈಗೆ ಉಂಗುರ ಕೊಟ್ಟಾಗ ಏನಾಗುತ್ತದೆ ಅಂತ ಮಾತ್ರ ನೋಡಿ. ಏನೂ ಆಗುವುದಿಲ್ಲ! ಅವನು ಹಾಕಿಕೊಂಡರೂ ಕಣ್ಮರೆಯಾಗುವುದಿಲ್ಲ. ಲೋಕವನ್ನೇ ನುಂಗಲು ಹೊರಟ ವಸ್ತು ಅವನ ಪಾಲಿಗೆ ಬರೀ ಒಂದು ಉಂಗುರ. ಕಥೆ ಇನ್ನೂ ಶುರುವಾಗುತ್ತಿರುವಾಗಲೇ ಟೋಲ್ಕಿನ್ ಇದನ್ನು ಇಟ್ಟಿದ್ದಾರೆ.

ಅದಕ್ಕಿಂತ ಮುಖ್ಯವಾದದ್ದು ಮುಂದಿನ ಅಧ್ಯಾಯದ ಸಮಾಧಿ ದಿಬ್ಬ. ಅಲ್ಲಿಂದ ಹಾಬಿಟ್‌ಗಳಿಗೆ ಹಳೆಯ ಕತ್ತಿಗಳು ಸಿಗುತ್ತವೆ. ಆಂಗ್ಮಾರ್‌ನ ಮಾಟಗಾರ ದೊರೆಯ ವಿರುದ್ಧ ಹೋರಾಡಿದ ಉತ್ತರದ ಜನ ಮಾಡಿದ ಕತ್ತಿಗಳು ಅವು. ನೂರಾರು ಪುಟಗಳಾದ ಮೇಲೆ ಹಾಬಿಟ್ ಮೆರ್ರಿ, ಈಗ ಕಪ್ಪು ಸವಾರರ ನಾಯಕನಾಗಿರುವ ಅದೇ ದೊರೆಗೆ ಹಿಂದಿನಿಂದ ಅದೇ ಕತ್ತಿಯಲ್ಲಿ ಇರಿಯುತ್ತಾನೆ. ಬೇರೆ ಯಾವ ಕತ್ತಿಯೂ ಅವನಿಗೆ ಅಂಥ ಗಾಯ ಮಾಡುತ್ತಿರಲಿಲ್ಲ ಅಂತ ಪುಸ್ತಕ ಹೇಳುತ್ತದೆ. ಆ ಕತ್ತಿ ಮಾಡಿದ ಅಕ್ಕಸಾಲಿಗ ಸತ್ತು ಎಷ್ಟೋ ಕಾಲವಾಗಿದೆ. ಅವನು ಮಾಡಿದ ಕೆಲಸ ಈಗ ಫಲ ಕೊಟ್ಟಿತು.

ಸಿನಿಮಾದಲ್ಲಿ ಅರಗಾರ್ನ್ ಗಂಟಿನಿಂದ ನಾಲ್ಕು ಕತ್ತಿ ತೆಗೆದು ‘ಇಟ್ಕೊಳ್ಳಿ’ ಅಂತ ಎಸೆಯುತ್ತಾನೆ. ಮೆರ್ರಿ ಇರಿಯುತ್ತಾನೆ, ಅದು ಕೆಲಸ ಮಾಡುತ್ತದೆ. ಯಾಕೆ ಅಂತ ಯಾರೂ ಕೇಳುವುದಿಲ್ಲ.

ತೆರೆಮರೆ

ಅಕ್ಕಸಾಲಿಗ ಅಲ್ಲ ಅಜ್ಜಾ, ಕಮ್ಮಾರ 😀 ವಿಷಯ ಮಾತ್ರ ಸೂಪರ್.

‘ಅರ್ಧಕ್ಕೆ ನಿಂತವ’ರಿಗೆ: ನಿಮಗೆ ಅನ್ನಿಸಿದ ನಿಧಾನ ಸುಳ್ಳಲ್ಲ. ಫ್ರೋಡೋಗೆ ಉಂಗುರ ಬಿಟ್ಟುಹೋದ ಹಿರಿಯ ಬಂಧು ಬಿಲ್ಬೋನ ಹುಟ್ಟುಹಬ್ಬಕ್ಕೂ ಫ್ರೋಡೋ ಮನೆ ಬಿಡುವುದಕ್ಕೂ ನಡುವೆ ಪುಸ್ತಕದಲ್ಲಿ 17 ವರ್ಷ ಕಳೆಯುತ್ತದೆ. ಹೊರಡುವಾಗ ಫ್ರೋಡೋಗೆ 50. ಸಿನಿಮಾದಲ್ಲಿ ಅದೆಲ್ಲಾ ಕೆಲವು ತಿಂಗಳು ಅನ್ನುವಂತೆ ಓಡುತ್ತದೆ, ಅವನೂ ಹುಡುಗ. ಬ್ರೀ ಊರಿನ ಛತ್ರದ ತನಕ ಹೇಗಾದರೂ ಬಂದುಬಿಡಿ. ಅಲ್ಲಿಂದ ಕಥೆ ತಾನೇ ಎಳೆದುಕೊಂಡು ಹೋಗುತ್ತದೆ.

ಮೂರನೇ ಕಾಂಡ

ಮೊದಲ ಭಾಗದಲ್ಲೇ ಒಂದು ಅನ್ಯಾಯ ನಡೆದಿದೆ, ಅದನ್ನು ಯಾರೂ ಎತ್ತುವುದಿಲ್ಲ. ನದಿ ದಾಟುವ ದೃಶ್ಯ.

ಸಿನಿಮಾದಲ್ಲಿ ಆರ್ವೆನ್ ಬರುತ್ತಾಳೆ, ಪ್ರಜ್ಞೆ ತಪ್ಪುತ್ತಿರುವ ಫ್ರೋಡೋನನ್ನು ಕುದುರೆ ಮೇಲೆ ಹಾಕಿಕೊಂಡು ಓಡಿಸುತ್ತಾಳೆ, ನದಿಯ ಆಚೆ ನಿಂತು, ಉಂಗುರಕ್ಕಾಗಿ ಬೆನ್ನಟ್ಟಿ ಬಂದ ಕಪ್ಪು ಸವಾರರಿಗೆ ಸವಾಲು ಹಾಕುತ್ತಾಳೆ. ಆರ್ವೆನ್‌ಗೆ ಕೆಲಸ ಕೊಟ್ಟಿದ್ದು ನನಗೆ ಇಷ್ಟವೇ. ಪುಸ್ತಕದಲ್ಲಿ ಅವಳ ಕಥೆಯೆಲ್ಲಾ ಹಿಂದಿನ ಅನುಬಂಧದಲ್ಲಿ ಇದೆ, ಮುಖ್ಯ ಕಥೆಯಲ್ಲಿ ಅವಳು ಮಾತಾಡುವುದೇ ಅಪರೂಪ.

ಆದರೆ ಆ ಸವಾಲು ಪುಸ್ತಕದಲ್ಲಿ ಹಾಕುವವನು ಫ್ರೋಡೋ. ಒಬ್ಬನೇ ಇದ್ದಾನೆ. ಹೆಗಲಲ್ಲಿ ಆ ವಿಷದ ಅಲಗಿನ ಚೂರು ಸೇರಿಕೊಂಡಿದೆ. ಎದುರಿಗೆ ಒಂಬತ್ತು ಜನ. ಕುದುರೆ ಮೇಲೆ ನೆಟ್ಟಗೆ ಕೂರಲೂ ಆಗುತ್ತಿಲ್ಲ. ಹಾಗಿದ್ದೂ ಕತ್ತಿ ಎತ್ತಿ, ಉಂಗುರವೂ ಸಿಗಲ್ಲ ನಾನೂ ಸಿಗಲ್ಲ ಅನ್ನುತ್ತಾನೆ. ಗೆಲ್ಲುವುದಿಲ್ಲ, ಕತ್ತಿ ಮುರಿದು ಬೀಳುತ್ತದೆ. ಆದರೆ ಎದ್ದು ನಿಂತ.

ಸಿನಿಮಾದ ಫ್ರೋಡೋ ಮೂರು ಭಾಗದಲ್ಲೂ ಬೀಳುವುದು, ಕಣ್ಣು ಬಿಡುವುದು, ಯಾರೋ ಬಂದು ಎತ್ತುವುದು. ಇಲಾಯ್ಜಾ ವುಡ್ ಕಣ್ಣಿನಲ್ಲೇ ಎಷ್ಟೋ ಹೇಳುತ್ತಾನೆ, ನಟನ ದೋಷ ಅಲ್ಲ. ಕೊಟ್ಟಿದ್ದೇ ಅಷ್ಟು. ಉದ್ದಓದು ಅವರು ರಾಜರ ಬಗ್ಗೆ ಹೇಳಿದರು. ನನಗೆ ಹೆಚ್ಚು ಕಳೆದುಕೊಂಡವನು ಫ್ರೋಡೋ ಅನ್ನಿಸುತ್ತದೆ.

ಕುದುರೆ ಲಾಯ

ಇದು ನಾನು ಯೋಚಿಸಿರಲಿಲ್ಲ. ಈಗ ಯೋಚಿಸಿದೆ, ಸಿಟ್ಟು ಬಂತು.

ಉದ್ದಓದು

ಸರಿ, ಈಗ ಫರಮೀರ್.

ಪುಸ್ತಕದಲ್ಲಿ ಅವನು ಉಂಗುರದ ವಿಷಯ ಪೂರ್ತಿ ಗೊತ್ತಾಗುವ ಮುಂಚೆಯೇ ಹೇಳಿಬಿಡುತ್ತಾನೆ: ಅದು ದಾರಿಯಲ್ಲಿ ಬಿದ್ದಿದ್ದರೂ ನಾನು ಎತ್ತಿಕೊಳ್ಳುವುದಿಲ್ಲ ಅಂತ. ಆಮೇಲೆ ಫ್ರೋಡೋನ ಜೊತೆಗಾರ ಸ್ಯಾಮ್ ಬಾಯಿ ತಪ್ಪಿ ಗುಟ್ಟು ಬಿಟ್ಟುಕೊಟ್ಟಾಗ ಒಂದು ಕ್ಷಣ ಎದ್ದು ನಿಲ್ಲುತ್ತಾನೆ. ನಮಗೆ ಎದೆ ಧಸಕ್ಕೆನ್ನುತ್ತದೆ. ನಗುತ್ತಾನೆ, ಕೂರುತ್ತಾನೆ. ಅಷ್ಟೇ. ಅಣ್ಣ ಬೊರೊಮೀರ್ ಸೋತ ಜಾಗದಲ್ಲಿ ತಮ್ಮ ಗೆದ್ದ. ಯಾವ ಗಲಾಟೆಯೂ ಇಲ್ಲದೆ ಗೆದ್ದ.

ತನ್ನನ್ನು ಹೋಲುವ ಪಾತ್ರ ಯಾವುದಾದರೂ ಇದ್ದರೆ ಅದು ಫರಮೀರ್ ಅಂತ ಟೋಲ್ಕಿನ್ ಬರೆದಿದ್ದಾರೆ. ಸಿನಿಮಾದಲ್ಲಿ ಅದೇ ಫರಮೀರ್ ಫ್ರೋಡೋನನ್ನು ಕಟ್ಟಿಹಾಕಿ, ಹಿಂದೆ ಉಂಗುರ ಇಟ್ಟುಕೊಂಡು ಕೆಟ್ಟುಹೋಗಿ ಈಗ ದಾರಿ ತೋರಿಸುತ್ತಿರುವ ಗಾಲಮ್‌ಗೆ ಹೊಡೆಸಿ, ಉಂಗುರವನ್ನು ಅಪ್ಪನಿಗೆ ಕೊಡಲು ಓಸ್ಗಿಲಿಯಾತ್ ಪಟ್ಟಣದ ತನಕ ಎಳೆದುಕೊಂಡು ಹೋಗುತ್ತಾನೆ. ಅಲ್ಲಿ ಸ್ಯಾಮ್ ಭಾಷಣ ಮಾಡಿದ ಮೇಲೆ ಬುದ್ಧಿ ಬಂದು ಬಿಡುತ್ತಾನೆ.

ತೆರೆಮರೆ

ಇದಕ್ಕೆ ಬರೆದವರು ಕೊಟ್ಟ ಕಾರಣ ಎರಡು. ಎರಡೂ ಬಲವಾಗಿವೆ.

ಒಂದು, ಉಂಗುರದ ಭಯ. ಎರಡು ಸಿನಿಮಾ ಪೂರ್ತಿ ಈ ಉಂಗುರ ಎಂಥವರನ್ನೂ ಕೆಡಿಸುತ್ತದೆ ಅಂತ ತೋರಿಸುತ್ತಾ ಬಂದಿದ್ದೀರಿ. ಗ್ಯಾಂಡಾಲ್ಫ್ ಮುಟ್ಟಲು ಹೆದರುತ್ತಾನೆ. ಎಲ್ಫ್ ಒಡತಿ ಗಲಾಡ್ರಿಯೆಲ್ ನಡುಗುತ್ತಾಳೆ. ಈಗ ಕಾಡಿನಲ್ಲಿ ಸಿಕ್ಕ ಒಬ್ಬ ಸೇನಾಪತಿ ‘ನನಗೆ ಬೇಡಪ್ಪಾ’ ಅಂದರೆ ಆ ಭಯ ಅಲ್ಲಿಗೇ ಠುಸ್. ಓದುವವನು ತಡೆದು ಯೋಚಿಸಬಹುದು. ನೋಡುವವನಿಗೆ ಆ ಬಿಡುವಿಲ್ಲ.

ಎರಡು, ಕಥೆಯ ಜೋಡಣೆ. ಪುಸ್ತಕದ ಎರಡನೇ ಸಂಪುಟ ‘ಟೂ ಟವರ್ಸ್’ ಎರಡು ಹೋಳು. ಮೊದಲ ಅರ್ಧದಲ್ಲಿ ಫ್ರೋಡೋ ಇಲ್ಲವೇ ಇಲ್ಲ. ಎರಡನೇ ಅರ್ಧದಲ್ಲಿ ಫ್ರೋಡೋ, ಸ್ಯಾಮ್, ಗಾಲಮ್ ಬಿಟ್ಟರೆ ಹಳಬರು ಯಾರೂ ಇಲ್ಲ. ಸಿನಿಮಾದಲ್ಲಿ ಹಾಗೆ ಮಾಡಿ ನೋಡಿ, ಒಂದೂವರೆ ಗಂಟೆ ನಾಯಕನೇ ಕಾಣಲ್ಲ. ಅದಕ್ಕೇ ಹೆಣೆದರು. ಹೆಣೆದ ಮೇಲೆ ದಿನಾಂಕ ಹೊಂದಿಸಬೇಕು. ಶೆಲಾಬ್‌ನ (ದೈತ್ಯ ಜೇಡ) ಗುಹೆ ಪುಸ್ತಕದಲ್ಲಿ ಎರಡನೇ ಸಂಪುಟದಲ್ಲಿದ್ದರೂ ಮಿನಾಸ್ ಟಿರಿತ್ ಮುತ್ತಿಗೆಯ ಹೊತ್ತಿಗೆ ನಡೆಯುವಂಥದ್ದು. ಹಾಗಾಗಿ ಅದು ಮೂರನೇ ಸಿನಿಮಾಗೆ ಹೋಯಿತು. ಈಗ ಎರಡನೇ ಸಿನಿಮಾದಲ್ಲಿ ಫ್ರೋಡೋ ಕಥೆಗೆ ಕೊನೆಯ ಘಟ್ಟವೇ ಇಲ್ಲ. ಅಲ್ಲಿ ಇದ್ದವನು ಫರಮೀರ್ ಒಬ್ಬ. ಅವನನ್ನೇ ಕಷ್ಟ ಮಾಡಿದರು.

ಎಂಟಜ್ಜ

ಎರಡನೇ ಕಾರಣ ಒಪ್ಪುತ್ತೇನೆ. ಮೊದಲನೆಯದು ಒಪ್ಪಲ್ಲ. ಉಂಗುರಕ್ಕೆ ಎಲ್ಲರೂ ಒಂದೇ ಥರ ಬೀಳುವುದಾದರೆ ಅದು ವಿಷ ಇದ್ದ ಹಾಗೆ. ವಿಷಕ್ಕೆ ಒಳ್ಳೆಯವನು ಕೆಟ್ಟವನು ಇಲ್ಲ. ಟೋಲ್ಕಿನ್‌ನ ಉಂಗುರ ಹಾಗಲ್ಲ, ನಿನ್ನೊಳಗೆ ಏನು ಆಸೆ ಇದೆಯೋ ಅದನ್ನು ಹಿಡಿದು ಎಳೆಯುತ್ತದೆ. ಬೊರೊಮೀರ್‌ಗೆ ಗೆಲುವಿನ ಆಸೆ, ಬಿದ್ದ. ಸ್ಯಾಮ್ ಹಾಕಿಕೊಂಡಾಗ ಅವನಿಗೆ ತೋರಿಸಿದ್ದು ಶತ್ರುವಿನ ಬರಡು ನಾಡು ಮಾರ್ಡರ್ ಅನ್ನೇ ತೋಟ ಮಾಡುವ ಕನಸು! ಅವನು ನನಗೆ ಒಂದು ಚಿಕ್ಕ ತೋಟ ಸಾಕು ಅಂತ ಬಿಟ್ಟ. ಇದು ಪುಸ್ತಕದಲ್ಲಿ ಅರ್ಧ ಪುಟ. ನನಗೆ ಇಡೀ ಕಥೆಯ ಬೀಗದ ಕೈ ಅಲ್ಲೇ ಇದೆ ಅನ್ನಿಸುತ್ತದೆ. ಸಿನಿಮಾದಲ್ಲಿ ಇಲ್ಲ.

ಬಾಲ್ಕನಿ ಸೀಟು

ತೋಟದ ಕನಸಾ? ಇದೊಂದಕ್ಕಾಗಿ ಪುಸ್ತಕ ಓದಬಹುದೇನೋ.

ಒಂದು ಕೇಳಲಾ? ಸಿನಿಮಾ ಪುಸ್ತಕಕ್ಕಿಂತ ಚೆನ್ನಾಗಿ ಮಾಡಿದ್ದು ಏನೂ ಇಲ್ವಾ? ಇಲ್ಲಿ ಬರೀ ಬೈಗುಳ ಕಾಣ್ತಿದೆ.

ಮೂರನೇ ಕಾಂಡ

ಬೊರೊಮೀರ್ ಸಾವು. ಅನುಮಾನವೇ ಇಲ್ಲ.

ಪುಸ್ತಕದಲ್ಲಿ ಅವನ ಕೊನೆಯ ಕಾದಾಟ ನಮಗೆ ಕಾಣುವುದಿಲ್ಲ. ಎರಡನೇ ಸಂಪುಟದ ಶುರುವಿನಲ್ಲಿ ಅರಗಾರ್ನ್ ಓಡಿ ಬರುವಾಗ ಅವನು ಬಾಣಗಳು ನೆಟ್ಟು ಮರಕ್ಕೆ ಒರಗಿ ಕೂತಿದ್ದಾನೆ. ಎರಡು ಮಾತು, ಮುಗಿಯಿತು. ಸಿನಿಮಾ ಅದನ್ನು ಮೊದಲ ಭಾಗದ ಕೊನೆಗೆ ತಂದು, ಕಣ್ಣೆದುರೇ ತೋರಿಸಿತು. ಒಂದು ಬಾಣ, ಮತ್ತೆ ಏಳುತ್ತಾನೆ. ಇನ್ನೊಂದು, ಮತ್ತೆ ಏಳುತ್ತಾನೆ. ಕೊನೆಗೆ ಅರಗಾರ್ನ್‌ನನ್ನು ರಾಜ ಅಂತ ಕರೆದು ಕಣ್ಣು ಮುಚ್ಚುತ್ತಾನೆ. ಅರಗಾರ್ನ್ ರಾಜನಾಗಲು ಹಿಂಜರಿಯುತ್ತಾನೆ ಅಂತ ಮೇಲೆ ದೂರಿದಿರಲ್ಲ, ಆ ಹಿಂಜರಿಕೆ ಇಲ್ಲದಿದ್ದರೆ ಈ ಒಂದು ಮಾತಿಗೆ ಅಷ್ಟು ತೂಕ ಬರುತ್ತಿರಲಿಲ್ಲ. ಶಾನ್ ಬೀನ್ ಅಂತೂ... ಏನು ಹೇಳಲಿ.

ತೆರೆಮರೆ

ನನ್ನ ಪಟ್ಟಿ ಉದ್ದ ಇದೆ, ಆದರೆ ಎರಡೇ ಹೇಳುತ್ತೇನೆ.

ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹತ್ತುವ ದೃಶ್ಯ. ಪುಸ್ತಕದಲ್ಲಿ ಅದು ಕುದುರೆ ಮೇಲಿಂದ ದೂರದಲ್ಲಿ ಕಂಡ ಬೆಳಕು, ಗ್ಯಾಂಡಾಲ್ಫ್ ಬೆಟ್ಟಗಳ ಹೆಸರು ಹೇಳುತ್ತಾ ಹೋಗುತ್ತಾನೆ. ಸಿನಿಮಾದಲ್ಲಿ ನ್ಯೂಜಿಲೆಂಡ್‌ನ ಹಿಮದ ಬೆಟ್ಟಗಳ ಮೇಲೆ, ಹಾವರ್ಡ್ ಶೋರ್ ಸಂಗೀತದ ಜೊತೆ, ಮಾತೇ ಇಲ್ಲದೆ ಹತ್ತುತ್ತಾ ಹೋಗುತ್ತದೆ. ಡೆನೆಥಾರ್‌ಗೆ ಅನ್ಯಾಯ ಮಾಡಿ ತಂದ ದೃಶ್ಯ, ನಿಜ. ಆದರೂ ಬಿಟ್ಟುಕೊಡಲ್ಲ.

ಇನ್ನೊಂದು, ಡೆನೆಥಾರ್ ಊಟಕ್ಕೆ ಕೂತು ಪಿಪ್ಪಿನ್‌ಗೆ ಹಾಡು ಅನ್ನುವುದು. ಮಗನನ್ನು ಸಾಯಲು ಕಳಿಸಿ ಇವನು ಅಗಿಯುತ್ತಿದ್ದಾನೆ. ಹಾಡಿನ ಸಾಲುಗಳು ಪುಸ್ತಕದ್ದೇ, ಮೊದಲ ಭಾಗದಲ್ಲಿ ಹಾಬಿಟ್‌ಗಳು ನಡೆಯುತ್ತಾ ಹಾಡುವ ಹಾಡು. ರಾಗ ಕಟ್ಟಿದ್ದು ಪಿಪ್ಪಿನ್ ಪಾತ್ರದ ಬಿಲ್ಲಿ ಬಾಯ್ಡ್. ನಡಿಗೆಯ ಹಾಡನ್ನು ತಂದು ಸಾವಿನ ಮೇಲೆ ಇಟ್ಟರು. ಪುಸ್ತಕವನ್ನು ಚೆನ್ನಾಗಿ ಓದಿದವರಿಗೆ ಮಾತ್ರ ಹೊಳೆಯುವಂಥದ್ದು ಇದು.

ಕುದುರೆ ಲಾಯ

ಪುಸ್ತಕವೇ ಗೆದ್ದ ಕಡೆ ಒಂದು ಸೇರಿಸಿ. ಥಿಯೋಡೆನ್‌ನ ಸೋದರಿಯ ಮಗಳು ಎಯೋವಿನ್. ಪುಸ್ತಕದಲ್ಲಿ ಡೆರ್ನ್‌ಹೆಲ್ಮ್ ಅನ್ನುವ ತರುಣ ಸವಾರ ಮೆರ್ರಿಯನ್ನು ಕುದುರೆ ಮೇಲೆ ಕೂರಿಸಿಕೊಂಡು ಹೋಗುತ್ತಾನೆ. ಅವನು ಯಾರು ಅಂತ ಟೋಲ್ಕಿನ್ ಹೇಳುವುದಿಲ್ಲ. ಯುದ್ಧದ ನಡುವೆ ಶಿರಸ್ತ್ರಾಣ ತೆಗೆದಾಗಲೇ ಗೊತ್ತಾಗುವುದು. ಸಿನಿಮಾದಲ್ಲಿ ಮುಖ ಮುಚ್ಚುವುದು ಕಷ್ಟ, ಮೊದಲೇ ಗೊತ್ತಾಗುತ್ತದೆ. ಗುಟ್ಟು ಹೋಯಿತು. ಬದಲಿಗೆ ಅವಳ ಹೆದರಿಕೆ ನೋಡಲು ಸಿಕ್ಕಿತು, ಅದು ಪುಸ್ತಕದಲ್ಲಿ ಇಲ್ಲ. ಸಮ ಸಮ ಅನ್ನೋಣ.

ಇನ್ನೊಂದು, ಮಾಟಗಾರ ದೊರೆ ಕೋಟೆ ಬಾಗಿಲು ಒಡೆದು ಒಳಗೆ ಬರುತ್ತಾನೆ, ಎದುರಿಗೆ ಗ್ಯಾಂಡಾಲ್ಫ್ ಒಬ್ಬನೇ. ಆಗ ಊರಿನಲ್ಲಿ ಎಲ್ಲೋ ಒಂದು ಕೋಳಿ ಕೂಗುತ್ತದೆ. ಅದಕ್ಕೆ ಯುದ್ಧದ ಪರಿವೆಯಿಲ್ಲ, ಬೆಳಗಾಯಿತು ಅಂತ ಕೂಗಿತು. ಅದರ ಹಿಂದೆಯೇ ರೋಹನ್‌ನ ಕಹಳೆ. ಉದ್ದನೆಯ ಆವೃತ್ತಿಯಲ್ಲಿ ಈ ಜಾಗಕ್ಕೆ ಏನು ಹಾಕಿದರು? ಗ್ಯಾಂಡಾಲ್ಫ್‌ನ ಕೋಲು ಮುರಿದು ಬೀಳಿಸಿದರು. ಕೋಳಿ ಎಲ್ಲಿ ಸ್ವಾಮಿ?

ಬಾಲ್ಕನಿ ಸೀಟು

ಕೋಳಿಗಾಗಿ ಇಷ್ಟು ಸಂಕಟಪಡುವವರನ್ನು ಇದೇ ಮೊದಲು ನೋಡಿದ್ದು 😂

ಎಂಟಜ್ಜ

ಹಾಬಿಟ್‌ಗಳ ಊರು ಶೈರ್ ವಿಷಯ ಬಿಟ್ಟರೆ ಈ ಚರ್ಚೆ ಪೂರ್ತಿಯಾಗಲ್ಲ.

ಪುಸ್ತಕದಲ್ಲಿ ಉಂಗುರ ನಾಶವಾದ ಮೇಲೆ ಹಾಬಿಟ್‌ಗಳು ಊರಿಗೆ ಬಂದರೆ ಊರು ಊರಾಗಿ ಉಳಿದಿಲ್ಲ. ಮರ ಕಡಿದಿದ್ದಾರೆ, ಹೊಸ ಗಿರಣಿ ನೀರನ್ನು ಕೆಡಿಸಿದೆ, ಹೆಜ್ಜೆಗೊಂದು ಕಾಯಿದೆ, ಪುಂಡರ ಕಾವಲು. ಹಿಂದೆ ಇರುವವನು ಕೆಟ್ಟುಹೋದ ಮಂತ್ರವಾದಿ ಸಾರೂಮಾನ್. ಗ್ಯಾಂಡಾಲ್ಫ್ ಜೊತೆಗಿಲ್ಲ, ರಾಜನಿಲ್ಲ. ಮೆರ್ರಿ ಮತ್ತು ಪಿಪ್ಪಿನ್ ಊರಿನವರನ್ನು ಎಬ್ಬಿಸಿ ಹೋರಾಡುತ್ತಾರೆ. 19 ಹಾಬಿಟ್‌ಗಳು ಸಾಯುತ್ತಾರೆ, ಪುಂಡರಲ್ಲಿ ಎಪ್ಪತ್ತರ ಹತ್ತಿರ. ಫ್ರೋಡೋ ಕತ್ತಿ ಹಿಡಿಯುವುದಿಲ್ಲ. ಶರಣಾದವರನ್ನು ಕೊಲ್ಲದಂತೆ ನೋಡಿಕೊಳ್ಳುವುದೇ ಅವನ ಕೆಲಸ. ತನಗೆ ಚಾಕು ಹಾಕಲು ಬಂದ ಸಾರೂಮಾನ್‌ನನ್ನೂ ಬಿಡಿ ಅನ್ನುತ್ತಾನೆ.

1916ರಲ್ಲಿ ಮೊದಲ ಮಹಾಯುದ್ಧದ ಸೊಮ್ ಕದನದಲ್ಲಿ ಇದ್ದು ಬಂದ ಮನುಷ್ಯ ಬರೆದದ್ದು ಇದು. ಎರಡನೇ ಮಹಾಯುದ್ಧದ ನಂತರದ ಇಂಗ್ಲೆಂಡ್ ಇದು ಅಂತ ಜನ ಹೇಳಿದಾಗ ಟೋಲ್ಕಿನ್ ಒಪ್ಪಲಿಲ್ಲ. ಕಥೆಗೆ ಇದು ಬೇಕೇಬೇಕಿತ್ತು, ಶುರುವಿನಿಂದಲೇ ಕಂಡಿತ್ತು ಅಂದರು. ಮಗ ಕ್ರಿಸ್ಟೋಫರ್ ಟೋಲ್ಕಿನ್ 2012ರ ಸಂದರ್ಶನವೊಂದರಲ್ಲಿ, ಪುಸ್ತಕದ ಕರುಳು ಬಗೆದು ಹರೆಯದವರಿಗೆ ಹೊಡೆದಾಟದ ಸಿನಿಮಾ ಮಾಡಿದರು ಅನ್ನುವ ಅರ್ಥದಲ್ಲಿ ಕಟುವಾಗಿ ಹೇಳಿದ್ದರು. ನನಗೆ ಅಷ್ಟು ಸಿಟ್ಟಿಲ್ಲ. ಆದರೆ ಶೈರ್ ಇಲ್ಲದ ಕೊನೆಯನ್ನು ನೋಡಿದಾಗ ಅವರ ನೋವು ತಿಳಿಯುತ್ತದೆ.

ತೆರೆಮರೆ

ಉಂಗುರ ಬೆಂಕಿಗೆ ಬಿದ್ದ ಮೇಲೆಯೇ ಸಿನಿಮಾ ಮುಗಿಯಲು ತುಂಬಾ ಹೊತ್ತು ತಗೊಂಡಿತು, ಎಷ್ಟು ಸಲ ಮುಗಿಯುತ್ತದೆ ಅಂತ ಜನ ನಕ್ಕರು. ಅದರ ಮೇಲೆ ಇನ್ನೊಂದು ಯುದ್ಧ ಹಾಕಿದ್ದರೆ?

ಅದರ ಬದಲು ಅವರು ಇಟ್ಟಿದ್ದು ಛತ್ರದ ದೃಶ್ಯ. ನಾಲ್ವರು ಮೇಜಿನ ಸುತ್ತ ಕೂತಿದ್ದಾರೆ. ಊರಿನವರಿಗೆ ಇವರ ಮೇಲೆ ಗಮನವೇ ಇಲ್ಲ, ಯಾರೋ ತಂದ ದೊಡ್ಡ ಕುಂಬಳಕಾಯಿ ನೋಡುವುದರಲ್ಲಿ ಇದ್ದಾರೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಪುಸ್ತಕದಲ್ಲಿ ಊರು ಬದಲಾಗಿದೆ. ಸಿನಿಮಾದಲ್ಲಿ ಊರು ಒಂದಿಷ್ಟೂ ಬದಲಾಗಿಲ್ಲ, ಇವರು ಬದಲಾಗಿದ್ದಾರೆ. ಯುದ್ಧದಿಂದ ಬಂದವನಿಗೆ ಎರಡೂ ಸತ್ಯವೇ ಅಲ್ವಾ?

ಮೂರನೇ ಕಾಂಡ

ಈ ಸಮರ್ಥನೆ ಒಳ್ಳೆಯದಿದೆ. ಆದರೆ ಸಾರೂಮಾನ್‌ಗೆ ಥಿಯೇಟರ್ ಆವೃತ್ತಿಯಲ್ಲಿ ಏನು ಗತಿಯಾಯಿತು? ಮೂರನೇ ಸಿನಿಮಾದಲ್ಲಿ ಅವನು ಕಾಣುವುದೇ ಇಲ್ಲ. ಆ ಪಾತ್ರ ಮಾಡಿದ ಕ್ರಿಸ್ಟೋಫರ್ ಲೀ ಈ ಪುಸ್ತಕವನ್ನು ಪ್ರತಿವರ್ಷ ಓದುತ್ತಿದ್ದವರು, ಟೋಲ್ಕಿನ್‌ರನ್ನು ಕಂಡವರು. ಅವರ ದೃಶ್ಯವನ್ನೇ ಕತ್ತರಿಸಿದರು, ಅವರು ನೊಂದುಕೊಂಡರು. ಆಮೇಲೆ ಉದ್ದನೆಯ ಆವೃತ್ತಿಯಲ್ಲಿ ಸೇರಿಸಿದರು.

ಅರ್ಧಕ್ಕೆ ನಿಂತವ

ಟೋಲ್ಕಿನ್‌ರ ಇನ್ನೊಂದು ಪುಸ್ತಕ ‘ಹಾಬಿಟ್’ ಮೊದಲು ಓದಿದರೆ ಸುಲಭವಾಗುತ್ತಾ? ಅದರ ಸಿನಿಮಾ ಹೇಗೆ?

ಕುದುರೆ ಲಾಯ

ಓದಿ, ಖಂಡಿತ. 1937ರ ಮಕ್ಕಳ ಪುಸ್ತಕ, 19 ಅಧ್ಯಾಯ. ಸಿನಿಮಾ ಮೂರು ಭಾಗ, ಹತ್ತಿರ ಹತ್ತಿರ ಎಂಟು ಗಂಟೆ. ಪುಸ್ತಕ ಅದಕ್ಕಿಂತ ಬೇಗ ಮುಗಿಯಬಹುದು. ಅಲ್ಲಿ ತೊಂದರೆ ಉಲ್ಟಾ, ಬಿಟ್ಟಿದ್ದಲ್ಲ, ತುಂಬಿದ್ದು. ಪುಸ್ತಕದ ಬಿಲ್ಬೋ ಕೊನೆಯ ಯುದ್ಧದಲ್ಲಿ ತಲೆಗೆ ಕಲ್ಲು ಬಿದ್ದು ಪ್ರಜ್ಞೆ ತಪ್ಪುತ್ತಾನೆ, ಏಳುವ ಹೊತ್ತಿಗೆ ಎಲ್ಲಾ ಮುಗಿದಿದೆ. ಸಿನಿಮಾದಲ್ಲಿ ಆ ಯುದ್ಧವೇ ಒಂದು ಇಡೀ ಭಾಗ. ಅದರ ಚರ್ಚೆಗೆ ಬೇರೆ ಎಳೆ ತೆರೆಯೋಣ, ಇಲ್ಲಿ ಬೇಡ.

ಉದ್ದಓದು

ಫರಮೀರ್ ವಿಷಯದಲ್ಲಿ ತೆರೆಮರೆಯವರ ಎರಡನೇ ಕಾರಣ ಗಟ್ಟಿ. ಆದರೆ ಮೆಟ್ಟಿಲ ದೃಶ್ಯಕ್ಕೆ ಏನು ಸಮಜಾಯಿಷಿ ಕೊಡುತ್ತೀರಿ?

ಪುಸ್ತಕದಲ್ಲಿ ಮಾರ್ಡರ್‌ಗೆ ಹೋಗುವ ಬೆಟ್ಟದ ದಾರಿ ಸಿರಿತ್ ಉಂಗೋಲ್‌ನ ಮೆಟ್ಟಿಲುಗಳ ಮೇಲೆ ಫ್ರೋಡೋ ಸ್ಯಾಮ್‌ನ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಸ್ಯಾಮ್‌ಗೂ ನಿದ್ದೆ ಹತ್ತಿದೆ. ಗಾಲಮ್ ಇವರನ್ನು ಶೆಲಾಬ್‌ಗೆ ಒಪ್ಪಿಸುವ ಏರ್ಪಾಟು ಮಾಡಿ ಬರುತ್ತಾನೆ. ಇವರನ್ನು ನೋಡಿ ನಿಲ್ಲುತ್ತಾನೆ. ಅವನ ಮುಖದಲ್ಲಿ ಏನೋ ಸಡಿಲವಾಗುತ್ತದೆ. ಮೆಲ್ಲಗೆ ಕೈ ಚಾಚಿ ಫ್ರೋಡೋನ ಮೊಣಕಾಲು ಮುಟ್ಟುತ್ತಾನೆ. ಅಷ್ಟರಲ್ಲಿ ಸ್ಯಾಮ್ ಎಚ್ಚರಾಗಿ ಗದರುತ್ತಾನೆ, ಕಳ್ಳನ ಹಾಗೆ ಎಲ್ಲಿಗೆ ಹೋಗಿದ್ದೆ ಅಂತ. ಮುಗಿಯಿತು. ಗಾಲಮ್ ಮತ್ತೆ ಹಳೆಯ ಗಾಲಮ್. ಸ್ಯಾಮ್ ಕೆಟ್ಟವನಲ್ಲ, ಯಜಮಾನನ ಮೇಲಿನ ಪ್ರೀತಿಗೇ ಗದರಿದ್ದು. ಆ ಪ್ರೀತಿಯೇ ಒಬ್ಬನ ಕೊನೆಯ ಅವಕಾಶ ಕಳೆಯಿತು. ಇಡೀ ಕಥೆಯಲ್ಲಿ ಅತ್ಯಂತ ದುರಂತದ ಗಳಿಗೆ ಇದೇ ಅಂತ ಟೋಲ್ಕಿನ್ ಪತ್ರದಲ್ಲಿ ಬರೆದಿದ್ದಾರೆ.

ಸಿನಿಮಾದಲ್ಲಿ ಅದೇ ಮೆಟ್ಟಿಲ ಮೇಲೆ ಏನಿದೆ? ಗಾಲಮ್ ಸ್ಯಾಮ್‌ನ ಬಟ್ಟೆ ಮೇಲೆ ರೊಟ್ಟಿ ಚೂರು ಉದುರಿಸಿ ಕಳ್ಳತನದ ಆರೋಪ ಹೊರಿಸುತ್ತಾನೆ. ಫ್ರೋಡೋ ನಂಬಿ ಸ್ಯಾಮ್‌ನನ್ನು ಮನೆಗೆ ಹೋಗು ಅನ್ನುತ್ತಾನೆ. ಫ್ರೋಡೋ ದಡ್ಡನಾದ, ಗಾಲಮ್ ಬರೀ ಖಳನಾದ, ಸ್ಯಾಮ್‌ನ ತಪ್ಪು ಕಾಣೆಯಾಯಿತು. ಒಂದೇ ದೃಶ್ಯದಲ್ಲಿ ಮೂವರೂ ಚಿಕ್ಕವರಾದರು.

ತೆರೆಮರೆ

ನೀವೇ ಹೇಳಿ, ಅದನ್ನು ಹೇಗೆ ತೆಗೆಯುತ್ತೀರಿ? ಮಲಗಿದವರನ್ನು ಒಬ್ಬ ಮುಟ್ಟಿದ, ಇನ್ನೊಬ್ಬ ಬೈದ. ಒಳಗೆ ನಡೆದದ್ದು ಪುಸ್ತಕದ ಸಾಲುಗಳಲ್ಲಿ ಇದೆ, ಹೊರಗೆ ಕಾಣುವುದು ಇಷ್ಟೇ.

ಉದ್ದಓದು

ಗಾಲಮ್ ಪಾತ್ರಕ್ಕೆ ಆಂಡಿ ಸರ್ಕಿಸ್ ಇದ್ದರಲ್ಲ! ಎರಡನೇ ಭಾಗದಲ್ಲಿ ಸ್ಮೀಗಲ್ (ಅವನೊಳಗೆ ಉಳಿದ ಹಳೆಯ ಒಳ್ಳೆಯ ಮನುಷ್ಯ) ಮತ್ತು ಗಾಲಮ್ ಇಬ್ಬರೂ ಒಂದೇ ಮುಖದಲ್ಲಿ ಜಗಳವಾಡುವ ದೃಶ್ಯ ನೆನಪಿಸಿಕೊಳ್ಳಿ. ಕ್ಯಾಮೆರಾ ಈ ಕಡೆಯಿಂದ ಆ ಕಡೆಗೆ ಹೋದರೆ ಮನುಷ್ಯನೇ ಬದಲು. ಅಷ್ಟು ಮಾಡಿದ ನಟನಿಗೆ ಒಂದು ಕೈ ಚಾಚುವುದು ಕಷ್ಟವಾ? ಮಾತೂ ಬೇಕಿಲ್ಲ.

ತೆರೆಮರೆ

ಸರ್ಕಿಸ್ ಮಾಡುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಲೆಕ್ಕ ಹಾಕಿ ಆದರೆ. ಸ್ಯಾಮ್ ಅಲ್ಲೇ ಉಳಿದರೆ ಶೆಲಾಬ್‌ನ ಗುಹೆಗೆ ಇಬ್ಬರೂ ಒಟ್ಟಿಗೆ ಹೋಗಬೇಕು, ಪುಸ್ತಕದ ಹಾಗೆ. ಫ್ರೋಡೋ ಒಬ್ಬನೇ ಆ ಕತ್ತಲಲ್ಲಿ ಬಲೆಗೆ ಸಿಕ್ಕಿ ಒದ್ದಾಡುವುದು ಹೋಯಿತು. ಹಿಂದಿನಿಂದ ಶೆಲಾಬ್ ಸದ್ದಿಲ್ಲದೆ ಮೇಲೇರಿ ಬರುವುದು ಉಳಿದರೂ, ಸ್ಯಾಮ್ ಕತ್ತಿ ಮತ್ತು ದೀಪ ಹಿಡಿದು ವಾಪಸ್ ಬಂದು ನಿಲ್ಲುವಾಗ ಥಿಯೇಟರಿನಲ್ಲಿ ಎದ್ದ ಕೂಗು ಇರುತ್ತಿರಲಿಲ್ಲ. ಅವನು ಹೋಗಿದ್ದರೆ ತಾನೇ ವಾಪಸ್ ಬರುವುದು?

ನಿಮಗೆ ಮೊಣಕಾಲು ಮುಟ್ಟುವುದು ಬೇಕು. ನನಗೆ ಆ ಕೂಗು ಬೇಕು.